ಹೊಲದಲ್ಲಿ ಹೈಟೆನ್ಷನ್ ಟವರ್: ಬೇಡ ಅನ್ನಲಾಗದು, ಬೆಲೆ ಕೇಳಬಹುದು

ಹೈಟೆನ್ಷನ್ ಲೈನಿನ ಸುದ್ದಿ ಬಂದಾಗಲೆಲ್ಲ ಒಂದಕ್ಕೊಂದು ತಾಳೆಯಾಗದ ಮೂರು ಮಾತು ಕೇಳಿಬರುತ್ತವೆ. ಟವರ್ ನಿಂತ ಜಾಗಕ್ಕೆ ಭೂಮಿಯ ಬೆಲೆಯ ಎರಡು ಪಟ್ಟು ಪರಿಹಾರ ಎಂದು ಕೇಂದ್ರ ಹೇಳುತ್ತದೆ. ಕೈಗೆ ಬಂದದ್ದು ನೋಡಿದರೆ ಕೊಳವೆಬಾವಿ ಕೊರೆಸಿದ ಖರ್ಚೂ ಹುಟ್ಟಲಿಲ್ಲ ಎಂದು ರೈತರು ಹೇಳುತ್ತಾರೆ. ಬ್ರಿಟಿಷರ ಕಾಲದ ಟೆಲಿಗ್ರಾಫ್ ಕಾಯ್ದೆ ಹೋಯಿತು ಎಂದು ಓದಿದವರ ಮನೆಗೆ ಅದೇ ಕಾಯ್ದೆಯ ಹೆಸರು ಹೊತ್ತ ನೋಟಿಸ್ ಬರುತ್ತದೆ.

ಮೂರೂ ನಿಜ. ಅದು ಹೇಗೆ ಎಂದು ತಿಳಿದುಕೊಂಡರೆ, ಸರ್ವೆಯವರು ಹೊಲಕ್ಕೆ ಕಾಲಿಟ್ಟ ದಿನ ಏನು ಕೇಳಬೇಕು, ಯಾವ ಕಾಗದಕ್ಕೆ ಸಹಿ ಹಾಕುವ ಮುನ್ನ ತಡೆಯಬೇಕು ಎಂಬುದೂ ತಿಳಿಯುತ್ತದೆ.

ರದ್ದಾದ ಕಾಯ್ದೆಯ ಉಳಿದ ತುಂಡು

ನಮ್ಮ ದೇಶದಲ್ಲಿ ಟೆಲಿಗ್ರಾಂ ಸೇವೆ 2013ರ ಜುಲೈನಲ್ಲೇ ನಿಂತುಹೋಯಿತು. ಹತ್ತು ವರ್ಷದ ಮೇಲೆ ಬಂದ 2023ರ ದೂರಸಂಪರ್ಕ ಕಾಯ್ದೆ, 1885ರ ಟೆಲಿಗ್ರಾಫ್ ಕಾಯ್ದೆಯನ್ನು ರದ್ದು ಮಾಡುವ ಮಾತನ್ನು ಹೊತ್ತೇ ಬಂತು. ಆದರೆ ಆ ರದ್ದತಿಯಲ್ಲೇ ಒಂದು ಉಳಿಕೆ ಇದೆ. ವಿದ್ಯುತ್ ಕಾಯ್ದೆಯ ಸೆಕ್ಷನ್ 164ರ ಕೆಳಗೆ ಪ್ರಸರಣ ಮಾರ್ಗ ಎಳೆಯುವ ಮಟ್ಟಿಗೆ ಹಳೆ ಕಾಯ್ದೆಯ ಮೂರನೇ ಭಾಗ ಮೊದಲಿನಂತೆಯೇ ನಡೆಯುತ್ತದೆ. ತಂತಿ ಕಚೇರಿ ಮುಚ್ಚಿದೆ, ತಂತಿ ಕಂಬ ಹೂಳಲು ಕೊಟ್ಟಿದ್ದ ಅಧಿಕಾರ ಮಾತ್ರ ವಿದ್ಯುತ್ ಕಂಪನಿಗಳ ಕೈಯಲ್ಲಿ ಜೀವಂತವಾಗಿದೆ.

ಅದು ಅವರ ಕೈಗೆ ಬಂದ ದಾರಿ ಇದು. 2003ರ ವಿದ್ಯುತ್ ಕಾಯ್ದೆಯ ಸೆಕ್ಷನ್ 164ರಂತೆ, ಸಂಬಂಧಪಟ್ಟ ಸರ್ಕಾರ ಲಿಖಿತ ಆದೇಶ ಹೊರಡಿಸಿ, ಟೆಲಿಗ್ರಾಫ್ ಪ್ರಾಧಿಕಾರಕ್ಕಿದ್ದ ಅಧಿಕಾರವನ್ನು ಪ್ರಸರಣ ಕಂಪನಿಗೆ ಕೊಡಬಹುದು. ಹಾಗೆ ಕೊಟ್ಟಮೇಲೆ ಕಂಪನಿ ಖಾಸಗಿಯದೋ ಸರ್ಕಾರದ್ದೋ ಎಂಬುದರಿಂದ ಫರಕು ಬೀಳುವುದಿಲ್ಲ. ಯಾವುದೇ ಸ್ಥಿರಾಸ್ತಿಯ ಮೇಲೆ, ಕೆಳಗೆ, ಅಡ್ಡಲಾಗಿ ತಂತಿ ಎಳೆಯುವ, ಅದರೊಳಗೆ ಕಂಬ ನಿಲ್ಲಿಸುವ ಅಧಿಕಾರ ಹಳೆ ಕಾಯ್ದೆಯ ಸೆಕ್ಷನ್ 10ರಿಂದ ಅದಕ್ಕೆ ಸಿಗುತ್ತದೆ.

ಅದೇ ಸೆಕ್ಷನ್ 10 ಎರಡು ಷರತ್ತನ್ನೂ ಹಾಕಿದೆ. ರೈತರ ಹಕ್ಕೆಲ್ಲ ನಿಂತಿರುವುದು ಇವೆರಡರ ಮೇಲೆ. ಒಂದು, ಕಂಪನಿಗೆ ಆ ಜಾಗದಲ್ಲಿ ಸಿಗುವುದು ಬಳಕೆಯ ಹಕ್ಕು ಮಾತ್ರ. ಎರಡು, ಕೆಲಸ ಮಾಡುವಾಗ ಆದಷ್ಟು ಕಡಿಮೆ ಹಾನಿ ಮಾಡಬೇಕು, ಆದ ಹಾನಿಗೆ ಹಿತಾಸಕ್ತಿಯುಳ್ಳ ಎಲ್ಲರಿಗೂ ಪೂರ್ಣ ಪರಿಹಾರ ಕೊಡಬೇಕು. ‘ಮಾಲೀಕರಿಗೆ’ ಎಂದಿಲ್ಲ, ‘ಹಿತಾಸಕ್ತಿಯುಳ್ಳ ಎಲ್ಲರಿಗೂ’ ಎಂದಿದೆ. ಗುತ್ತಿಗೆಗೆ ಹೊಲ ಮಾಡುವವನ ಬೆಳೆ ಹಾಳಾದರೆ ಆ ಪರಿಹಾರ ಅವನದು.

ಸ್ವಾಧೀನವಲ್ಲ ಎಂಬುದರ ಬೆಲೆ

ಬಳಕೆಯ ಹಕ್ಕು ಮಾತ್ರ ಎಂದರೆ ಕೇಳಲು ಹಿತವಾಗಿದೆ. ಪಹಣಿಯಲ್ಲಿ ನಿಮ್ಮ ಹೆಸರೇ ಇರುತ್ತದೆ, ಟವರ್ ಕಾಲುಗಳ ನಡುವಿನ ಜಾಗವೂ ದಾಖಲೆಯಲ್ಲಿ ನಿಮ್ಮದೇ. ಆದರೆ ಭೂಮಿ ಸ್ವಾಧೀನವಾಗಿಲ್ಲ ಎಂಬ ಕಾರಣಕ್ಕೇ 2013ರ ಭೂಸ್ವಾಧೀನ ಕಾಯ್ದೆಯ ಪರಿಹಾರ ಇಲ್ಲಿ ದಕ್ಕುವುದಿಲ್ಲ. ಹೆದ್ದಾರಿಗೆ ಜಮೀನು ಹೋದ ನೆರೆಯವರಿಗೆ ಮಾರುಕಟ್ಟೆ ಬೆಲೆಯನ್ನು ಗ್ರಾಮೀಣ ಪ್ರದೇಶವಾದರೆ ಒಂದರಿಂದ ಎರಡರವರೆಗಿನ ಅಂಶದಿಂದ ಗುಣಿಸಿ, ಮೇಲೆ ಅಷ್ಟೇ ಮೊತ್ತದ ಸೊಲೇಷಿಯಂ (ಒಲ್ಲದಿದ್ದರೂ ಭೂಮಿ ಹೋದದ್ದಕ್ಕೆ ಕೊಡುವ ಹೆಚ್ಚುವರಿ ಹಣ) ಸೇರಿಸಿ ಕೊಡುತ್ತಾರೆ. ಲೈನ್ ಹಾದುಹೋದ ಹೊಲಕ್ಕೆ ಆ ಲೆಕ್ಕ ಹತ್ತುವುದಿಲ್ಲ. ಸಬ್‌ಸ್ಟೇಷನ್‌ಗೆ ಜಾಗ ಬೇಕಾದಾಗ ಖರೀದಿ ಅಥವಾ ಸ್ವಾಧೀನ ನಡೆಯುತ್ತದೆ, ಅದರ ಹಾದಿ ಬೇರೆ. ಸಬ್‌ಸ್ಟೇಷನ್‌ಗೆ ಸಿಕ್ಕ ದರವನ್ನು ಲೈನಿನ ದರಕ್ಕೆ ಹೋಲಿಸಿ ಮೋಸವಾಯಿತು ಎನ್ನುವುದು ಈ ಎರಡು ಹಾದಿ ಕಲಸಿದ್ದರಿಂದ ಹುಟ್ಟುವ ಗೊಂದಲ.

ನಿಜವಾದ ಅನ್ಯಾಯ ಬೇರೆ ಕಡೆ ಇದೆ. ಹಕ್ಕು ಹೋಗುವುದಿಲ್ಲ, ಉಪಯೋಗ ಹೋಗುತ್ತದೆ. ತಂತಿಯ ಕಾರಿಡಾರಿನಲ್ಲಿ, ಅಂದರೆ ತಂತಿಯ ಕೆಳಗೂ ಆಚೀಚೆಗೂ ಬಿಡಬೇಕಾದ ಪಟ್ಟಿಯಲ್ಲಿ, ಮನೆ ಕಟ್ಟುವಂತಿಲ್ಲ, ಕೋಳಿ ಶೆಡ್ ಎಬ್ಬಿಸುವಂತಿಲ್ಲ, ತೆಂಗು, ಅಡಿಕೆ, ಸಿಲ್ವರ್ ಓಕ್ ಬೆಳೆಸುವಂತಿಲ್ಲ. ಊರಂಚಿನ ಜಮೀನಾದರೆ ಭೂಪರಿವರ್ತನೆ ಮಾಡಿಸಿ ಲೇಔಟ್ ಮಾಡುವ ಆಸೆಯೂ ಆ ಪಟ್ಟಿಯ ಮಟ್ಟಿಗೆ ಮುಗಿಯಿತು. ಕೊಳ್ಳುವವನು ಬಂದು ಮೇಲೆ ನೋಡಿ ದರ ಇಳಿಸುತ್ತಾನೆ.

ಕಾರಿಡಾರಿನ ಅಗಲ ವೋಲ್ಟೇಜಿನ ಮೇಲೆ ನಿಂತಿದೆ. 66 ಕಿಲೋವೋಲ್ಟ್‌ಗೆ 18 ಮೀಟರ್, 110ಕ್ಕೆ 22, 220ಕ್ಕೆ 35, 400 ಕಿಲೋವೋಲ್ಟ್ ಡಬಲ್ ಸರ್ಕ್ಯೂಟ್‌ಗೆ (ಒಂದೇ ಟವರಿನಲ್ಲಿ ಎರಡು ಲೈನ್) 46, 765 ಕಿಲೋವೋಲ್ಟ್ ಡಬಲ್ ಸರ್ಕ್ಯೂಟ್‌ಗೆ 67 ಮೀಟರ್. 400ರ ಲೈನ್ 100 ಮೀಟರ್ ಉದ್ದಕ್ಕೆ ಹೊಲ ದಾಟಿದರೆ 4,600 ಚದರ ಮೀಟರ್, ಅಂದರೆ ಒಂದು ಎಕರೆ ಐದೂವರೆ ಗುಂಟೆ ನಿರ್ಬಂಧಕ್ಕೆ ಒಳಪಟ್ಟಿತು ಎಂದರ್ಥ. ಟವರ್ ತಿನ್ನುವ ಎರಡೂವರೆ ಗುಂಟೆಯನ್ನು ನೋಡಿ ಜಗಳ ಆಡುವಾಗ ತಲೆ ಮೇಲಿನ ಈ ಒಂದು ಎಕರೆ ಎಷ್ಟೋ ಸಲ ಲೆಕ್ಕಕ್ಕೇ ಬಂದಿರುವುದಿಲ್ಲ.

ಒಪ್ಪಿಗೆ ಬೇಕೇ?

ಹೆಚ್ಚು ಗಲಾಟೆ ನಡೆಯುವುದು ಇಲ್ಲೇ. 2006ರ ‘ಲೈಸೆನ್ಸಿಗಳ ಕಾಮಗಾರಿ ನಿಯಮ’ ಓದಿದರೆ, ಮಾಲೀಕನ ಅಥವಾ ಅನುಭೋಗದಾರನ ಪೂರ್ವಾನುಮತಿ ಇಲ್ಲದೆ ಲೈನ್ ಎಳೆಯಬಾರದು, ಆಕ್ಷೇಪಣೆ ಇದ್ದರೆ ಜಿಲ್ಲಾ ದಂಡಾಧಿಕಾರಿಯ ಲಿಖಿತ ಅನುಮತಿ ಬೇಕು ಎಂದಿದೆ. ಅದನ್ನು ಹಿಡಿದು ರೈತರು ಕೆಲಸ ತಡೆಯುತ್ತಾರೆ. ಆದರೆ ಆ ನಿಯಮದಲ್ಲೇ, ಸೆಕ್ಷನ್ 164ರಿಂದ ಬಂದ ಅಧಿಕಾರಕ್ಕೆ ಇದರಿಂದ ಧಕ್ಕೆಯಿಲ್ಲ ಎಂಬ ಒಂದು ಸಾಲು ಇದೆ. ಪವರ್ ಗ್ರಿಡ್ ಮತ್ತು ಸೆಂಚುರಿ ಟೆಕ್ಸ್‌ಟೈಲ್ಸ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಸ್ಪಷ್ಟಪಡಿಸಿತು: 164ರ ಅಧಿಕಾರ ಇರುವ ಕಂಪನಿ ಭೂಮಾಲೀಕರ ಪೂರ್ವಾನುಮತಿ ಪಡೆಯಬೇಕಾಗಿಲ್ಲ.

ಆದ್ದರಿಂದ ಮೊದಲ ಪ್ರಶ್ನೆ ಒಂದೇ: ಈ ಲೈನಿಗೆ ಸೆಕ್ಷನ್ 164ರ ಆದೇಶ ಆಗಿದೆಯೇ? ಆಗಿದ್ದರೆ ಪ್ರತಿ ಕೊಡಿ. ಸೆಕ್ಷನ್ 68ರ ಅನುಮೋದನೆ ಮಾತ್ರ ತೋರಿಸಿದರೆ ಸಾಲದು. ಅದು ಆಕಾಶಮಾರ್ಗ ಎಳೆಯಲು ಸರ್ಕಾರ ಕೊಟ್ಟ ಒಪ್ಪಿಗೆ, ನಿಮ್ಮ ಹೊಲಕ್ಕೆ ಇಳಿಯುವ ಅಧಿಕಾರವಲ್ಲ. ಕೆಲಸ ಹಿಡಿದ ಗುತ್ತಿಗೆದಾರನ ಸೂಪರ್‌ವೈಸರ್‌ಗೆ ಬಹುತೇಕ ಇದರ ಗಂಧವಿರುವುದಿಲ್ಲ, ಕೇಳಬೇಕಾದ್ದು ಕಂಪನಿಯನ್ನು, ಲಿಖಿತವಾಗಿ. 164ರ ಆದೇಶ ಇಲ್ಲದಿದ್ದರೆ 2006ರ ನಿಯಮ ಪೂರ್ತಿ ಅನ್ವಯಿಸುತ್ತದೆ, ಆಗ ನಿಮ್ಮ ಒಪ್ಪಿಗೆಗೆ ತೂಕವಿದೆ.

ಆದೇಶ ಇದ್ದೂ ನೀವು ತಡೆದರೆ ಕಂಪನಿ ಹಳೆ ಕಾಯ್ದೆಯ ಸೆಕ್ಷನ್ 16ರ ಪ್ರಕಾರ ಜಿಲ್ಲಾ ದಂಡಾಧಿಕಾರಿಯ, ಅಂದರೆ ನಮ್ಮಲ್ಲಿ ಜಿಲ್ಲಾಧಿಕಾರಿಯ ಬಳಿ ಹೋಗುತ್ತದೆ. ಅವರು ತಮ್ಮ ವಿವೇಚನೆಯಂತೆ ಅನುಮತಿ ಕೊಡಬಹುದು. ಕೊಟ್ಟಮೇಲೆ ತಡೆದರೆ ಅದು ಅಪರಾಧ. ಹಳೆಯ ದಂಡ ಸಂಹಿತೆಯ 188, ಈಗಿನ ಭಾರತೀಯ ನ್ಯಾಯ ಸಂಹಿತೆಯ 223ನೇ ಸೆಕ್ಷನ್. ಪೊಲೀಸ್ ಬಂದೋಬಸ್ತಿನಲ್ಲಿ ಗುಂಡಿ ತೋಡುವ ದೃಶ್ಯಗಳು ಈ ಹಂತದವು.

ಜಿಲ್ಲಾಧಿಕಾರಿಯ ವಿಚಾರಣೆಯಲ್ಲಿ ‘ನಮ್ಮೂರಿಗೇ ಲೈನ್ ಬೇಡ’ ಎಂಬ ಮನವಿ ಸಾಮಾನ್ಯವಾಗಿ ನಿಲ್ಲುವುದಿಲ್ಲ. ನಿಲ್ಲುವುದು ನಿರ್ದಿಷ್ಟ ಬೇಡಿಕೆ. ಅದಕ್ಕೆ ಲೈನಿನ ಅಂಗರಚನೆ ಸ್ವಲ್ಪ ತಿಳಿದಿರಬೇಕು. 400 ಕಿಲೋವೋಲ್ಟ್ ಲೈನಿನಲ್ಲಿ ಎರಡು ಟವರ್ ನಡುವಿನ ಅಂತರ ಸುಮಾರು 400 ಮೀಟರ್. ನೇರ ಸಾಗುವಲ್ಲಿ ಹಗುರವಾದ ಟವರ್ ಸಾಕು. ಲೈನ್ ತಿರುಗುವಲ್ಲಿ ತಂತಿಯ ಎಳೆತ ತಡೆಯಲು ಭಾರಿ ತೂಕದ ಆ್ಯಂಗಲ್ ಟವರ್ ಬೇಕು, ಅದರ ಅಡಿಪಾಯವೂ ದೊಡ್ಡದು. ಹಾಗಾಗಿ ನಿಮ್ಮ ಹೊಲದ ನಡುವೆ ಗುರುತು ಹಾಕಿದ ಟವರನ್ನು ಲೈನಿನ ಉದ್ದಕ್ಕೇ ಹಿಂದೆ ಮುಂದೆ ಸರಿಸಿ ಬದುವಿಗೋ ಖರಾಬಿಗೋ ತನ್ನಿ ಎಂದರೆ ಅದು ಇಪ್ಪತ್ತು ಮೂವತ್ತು ಮೀಟರಿನ ಮಾತು, ಹೆಚ್ಚು ಖರ್ಚಿಲ್ಲದೆ ಆಗಬಹುದು. ಪಕ್ಕಕ್ಕೆ ಸರಿಸಿ ಎಂದರೆ ಲೈನಿನ ಕೋನವೇ ಬದಲಾಗಿ ಹಿಂದಿನದು, ಇದು, ಮುಂದಿನದು ಮೂರೂ ಕಡೆ ಆ್ಯಂಗಲ್ ಟವರ್ ಬೇಕಾಗಬಹುದು, ಕಂಪನಿ ಒಪ್ಪುವುದು ಕಷ್ಟ. ಎರಡಕ್ಕೂ ಗಡುವು ಒಂದೇ: ನಿಮ್ಮ ಆಚೀಚಿನ ಹೊಲಗಳಲ್ಲಿ ಕಾಂಕ್ರೀಟ್ ಬೀಳುವ ಮುನ್ನ. ಬಿದ್ದಮೇಲೆ ನಡುವಿನ ಟವರಿಗೆ ಸರಿಯಲು ಜಾಗ ಉಳಿಯುವುದಿಲ್ಲ.

ಈ ಗಡುವು ಎಷ್ಟೋ ಜನರಿಗೆ ತಪ್ಪುವುದಕ್ಕೆ ಕಾರಣವಿದೆ. ಆರಂಭದ ಪ್ರಕಟಣೆ ಪತ್ರಿಕೆಯ ಒಳಪುಟದಲ್ಲಿ ಸಣ್ಣಕ್ಷರದಲ್ಲಿ ಬರುತ್ತದೆ. ಅದರಲ್ಲಿ ಗ್ರಾಮಗಳ ಹೆಸರಿನ ಉದ್ದ ಪಟ್ಟಿ ಇರುತ್ತದೆ, ಸರ್ವೆ ನಂಬರ್ ಸಾಮಾನ್ಯವಾಗಿ ಇರುವುದಿಲ್ಲ. ಆಕ್ಷೇಪಣೆಗೆ ಕೊಟ್ಟ ದಿನಗಳು ಕಳೆದು, ಗೂಟ ಬಡಿಯಲು ಬಂದಾಗಲೇ ತನ್ನ ಹೊಲ ಅಂತ ರೈತನಿಗೆ ಗೊತ್ತಾಗುವುದು.

ಎರಡು ಪಟ್ಟು, ಯಾವುದರ ಎರಡು ಪಟ್ಟು?

ಕಾಯ್ದೆ ‘ಪೂರ್ಣ ಪರಿಹಾರ’ ಎಂದಿತೇ ಹೊರತು ಎಷ್ಟು ಎಂದು ಹೇಳಲಿಲ್ಲ. ಹೀಗಾಗಿ ಬೆಳೆ ಮತ್ತು ಮರಕ್ಕೆ ಮಾತ್ರ ಹಣ ಕೊಟ್ಟು, ಜಮೀನಿನ ಬೆಲೆ ಇಳಿದದ್ದಕ್ಕೆ ಏನೂ ಕೊಡದೆ ನಡೆದದ್ದೇ ಹೆಚ್ಚು. 2015ರ ಅಕ್ಟೋಬರಿನಲ್ಲಿ ಕೇಂದ್ರ ಇಂಧನ ಸಚಿವಾಲಯ ಮಾರ್ಗಸೂಚಿ ಹೊರಡಿಸಿತು: ಟವರಿನ ನಾಲ್ಕು ಕಾಲುಗಳ ನಡುವಿನ ಜಾಗಕ್ಕೆ ಭೂಮೌಲ್ಯದ ಶೇ 85, ಕಾರಿಡಾರಿಗೆ ಹೆಚ್ಚೆಂದರೆ ಶೇ 15. ಆ ‘ಹೆಚ್ಚೆಂದರೆ’ ಪದ ಹಲವೆಡೆ ಕಡಿಮೆ ಕೊಡಲು ದಾರಿಯಾಯಿತು.

2024ರ ಜೂನ್ 14ರ ಮಾರ್ಗಸೂಚಿ ಅದನ್ನು ಬದಲಿಸಿತು. ಟವರ್ ಜಾಗಕ್ಕೆ ಭೂಮೌಲ್ಯದ ಶೇ 200. ಜಾಗ ಅಳೆಯುವಾಗ ಕಾಲುಗಳ ಹೊರಗೆ ಪ್ರತಿ ಬದಿಗೆ 1 ಮೀಟರ್ ಸೇರಿಸಬೇಕು. ಕಾರಿಡಾರಿಗೆ ಶೇ 30. 2025ರ ಮಾರ್ಚ್‌ನಲ್ಲಿ ಪೂರಕ ಮಾರ್ಗಸೂಚಿ ಬಂದು, ಕಾರಿಡಾರ್ ದರ ಗ್ರಾಮೀಣ ಪ್ರದೇಶಕ್ಕೆ ಶೇ 30, ಪುರಸಭೆ, ನಗರಸಭೆಗಳಿಗೂ ನಗರ ಯೋಜನಾ ಪ್ರದೇಶಗಳಿಗೂ ಶೇ 45, ಮಹಾನಗರ ಪಾಲಿಕೆ ಮತ್ತು ಮೆಟ್ರೊ ಪ್ರದೇಶಗಳಿಗೆ ಶೇ 60 ಎಂದಾಯಿತು. ಬೆಳೆ ಮತ್ತು ಮರದ ಪರಿಹಾರ ಇದರ ಜೊತೆಗೆ ಬೇರೆಯೇ ಬರಬೇಕು.

ಇಲ್ಲಿ ಎರಡು ಎಚ್ಚರ ಬೇಕು. ಇವು ಮಾರ್ಗಸೂಚಿಗಳು, ಕಾಯ್ದೆಯಲ್ಲ. ರಾಜ್ಯಗಳು ಇದ್ದಂತೆ ಒಪ್ಪಬಹುದು, ಬದಲಿಸಿ ತರಬಹುದು. ಆದ್ದರಿಂದ ಲೈನ್ ಅಂತರರಾಜ್ಯ ಜಾಲದ್ದೋ ರಾಜ್ಯದ ಪ್ರಸರಣ ಕಂಪನಿ ಕೆಪಿಟಿಸಿಎಲ್‌ನದೋ ಎಂಬುದನ್ನು ಮೊದಲು ತಿಳಿದು, ಅದಕ್ಕೆ ಹಚ್ಚಿದ ಆದೇಶದ ಪ್ರತಿಯನ್ನು ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿ ಪಡೆಯಬೇಕು. ಇನ್ನೊಂದು, ಈ ಲೆಕ್ಕ ಟವರ್ ಮೇಲೆ ಸಾಗುವ 66 ಕಿಲೋವೋಲ್ಟ್ ಮತ್ತು ಮೇಲಿನ ಲೈನುಗಳಿಗೆ. ಹೊಲದ ಬದಿಯ 11 ಕಿಲೋವೋಲ್ಟ್ ಕಂಬಕ್ಕೆ ಇದನ್ನು ಹಿಡಿದು ಕೇಳಿದರೆ ಸಿಗದು.

ಈಗ ಲೆಕ್ಕ. 400 ಕಿಲೋವೋಲ್ಟ್ ಲೈನ್ ಒಂದು ಹೊಲವನ್ನು 100 ಮೀಟರ್ ದಾಟುತ್ತದೆ, ಅದರಲ್ಲೇ ಒಂದು ಟವರ್, ಕಾಲಿನಿಂದ ಕಾಲಿಗೆ 14 ಮೀಟರ್ ಎಂದಿಟ್ಟುಕೊಳ್ಳಿ. ಜಮೀನಿನ ಮೌಲ್ಯ ಎಕರೆಗೆ 10 ಲಕ್ಷ ರೂಪಾಯಿ ಎಂದು ಹಿಡಿದರೆ ಚದರ ಮೀಟರಿಗೆ ಸುಮಾರು 247 ರೂಪಾಯಿ. 2015ರ ಲೆಕ್ಕದಲ್ಲಿ ಟವರ್ ಜಾಗ 196 ಚದರ ಮೀಟರಿಗೆ ಸುಮಾರು 41 ಸಾವಿರ, ಉಳಿದ ಕಾರಿಡಾರಿಗೆ ಪೂರ್ತಿ ಶೇ 15 ಕೊಟ್ಟರೂ ಸುಮಾರು 1.63 ಲಕ್ಷ, ಒಟ್ಟು ಎರಡು ಲಕ್ಷದ ಆಸುಪಾಸು. 2024ರ ಲೆಕ್ಕದಲ್ಲಿ ಟವರ್ ಜಾಗ 16 ಗುಣಿಸು 16, ಅಂದರೆ 256 ಚದರ ಮೀಟರ್, ಅದಕ್ಕೆ 1.26 ಲಕ್ಷ. ಕಾರಿಡಾರಿಗೆ 3.22 ಲಕ್ಷ. ಒಟ್ಟು ನಾಲ್ಕೂವರೆ ಲಕ್ಷಕ್ಕೆ ಸ್ವಲ್ಪ ಕಡಿಮೆ.

ಅದೇ ಹೊಲ ನಿಜಕ್ಕೂ ಎಕರೆಗೆ 40 ಲಕ್ಷಕ್ಕೆ ಮಾರಾಟವಾಗುವಂಥದ್ದಾಗಿದ್ದರೆ? 2024ರ ಲೆಕ್ಕದಲ್ಲೇ ಹದಿನೆಂಟು ಲಕ್ಷದ ಹತ್ತಿರ. ಶೇಕಡಾವಾರು ಹೆಚ್ಚಿದ್ದರಿಂದ ಪರಿಹಾರ ಎರಡು ಪಟ್ಟಿನಷ್ಟಾದರೆ, ಮೂಲಬೆಲೆ ಸರಿಯಾಗಿ ಹಿಡಿದಿದ್ದರಿಂದ ನಾಲ್ಕು ಪಟ್ಟಾಯಿತು. ಸುದ್ದಿಯ ತಲೆಬರಹಕ್ಕೂ ರೈತನ ಬ್ಯಾಂಕ್ ಪಾಸ್‌ಬುಕ್ಕಿಗೂ ನಡುವಿನ ಅಂತರವೆಲ್ಲ ಈ ಮೂಲಬೆಲೆಯಲ್ಲಿದೆ. ಶೇ 200 ಕೊಡುತ್ತೇವೆ ಎಂದವರನ್ನು ಯಾವುದರ ಶೇ 200 ಎಂದು ಕೇಳದೆ ಬಿಡಬಾರದು.

ಮಾರ್ಗಸೂಚಿ ದರ ಎಂಬ ಗಂಟು

ಮೂಲಬೆಲೆಗೆ ಸಾಮಾನ್ಯವಾಗಿ ಹಿಡಿಯುವುದು ಮುದ್ರಾಂಕ ಇಲಾಖೆಯ ಮಾರ್ಗಸೂಚಿ ದರ, ಅಂದರೆ ನೋಂದಣಿಗೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ಬೆಲೆ. ಮೇಲೆ ಹೇಳಿದ ಕೇಂದ್ರದ ಮಾರ್ಗಸೂಚಿಗೂ ಇದಕ್ಕೂ ಹೆಸರಷ್ಟೇ ಒಂದು. ಕರ್ನಾಟಕದಲ್ಲಿ 2023ರ ಅಕ್ಟೋಬರ್ 1ರಿಂದ ರಾಜ್ಯದಾದ್ಯಂತ ಅದನ್ನು ಪರಿಷ್ಕರಿಸಿದ್ದರೂ ಬಹಳ ಹಳ್ಳಿಗಳಲ್ಲಿ ಮಾರುಕಟ್ಟೆ ಅದನ್ನು ಎಂದೋ ದಾಟಿ ಹೋಗಿದೆ. ಇದರಲ್ಲಿ ನಮ್ಮದೇ ಕೈವಾಡವೂ ಇಲ್ಲದಿಲ್ಲ. ಮುದ್ರಾಂಕ ಶುಲ್ಕ ಉಳಿಸಲು ಕ್ರಯಪತ್ರದಲ್ಲಿ ಕಡಿಮೆ ಬರೆಸುವ ಪದ್ಧತಿ ಊರೂರಲ್ಲಿದೆ. ಲೈನ್ ಬಂದಾಗ ಆ ಕ್ರಯಪತ್ರಗಳೇ ಎದುರು ಪಕ್ಷದ ಸಾಕ್ಷಿಯಾಗುತ್ತವೆ.

ಇನ್ನೊಂದು ತೊಡಕು ಪಹಣಿಯದು. ಖುಷ್ಕಿ (ಮಳೆಯಾಶ್ರಿತ), ತರಿ (ನೀರಾವರಿ), ಬಾಗಾಯ್ತು (ತೋಟ) ಇವುಗಳಿಗೆ ಮಾರ್ಗಸೂಚಿ ದರ ಬೇರೆ ಬೇರೆ. ಹದಿನೈದು ವರ್ಷದಿಂದ ಅಡಿಕೆ ತೋಟ ಇರುವ ಜಮೀನು ದಾಖಲೆಯಲ್ಲಿ ಇನ್ನೂ ಖುಷ್ಕಿ ಎಂದೇ ಇದ್ದರೆ ಖುಷ್ಕಿಯ ದರವೇ ಬೀಳುತ್ತದೆ. ಬೆಳೆ ಕಾಲಂನಲ್ಲಿ ರಾಗಿ ಎಂದಿದ್ದರೆ ಅಡಿಕೆ ಮರದ ಪರಿಹಾರಕ್ಕೂ ತಕರಾರು ಏಳುತ್ತದೆ. ಬೆಳೆ ಸಮೀಕ್ಷೆಯಲ್ಲಿ ಸರಿ ನಮೂದಾಗಿದೆಯೇ ಎಂದು ನೋಡಿಕೊಳ್ಳುವ ಕೆಲಸ ಲೈನಿನ ಸುದ್ದಿ ಕೇಳಿದ ದಿನವೇ ಆಗಬೇಕು. ತೀರಿಹೋದ ತಂದೆಯ ಹೆಸರಿನಲ್ಲೇ ಖಾತೆ ಇದ್ದರೆ ಪೌತಿ ಖಾತೆ ಆಗುವವರೆಗೆ ಹಣ ನಿಲ್ಲುತ್ತದೆ. ಅಣ್ಣತಮ್ಮಂದಿರ ನಡುವೆ ಪಾಲಿನ ಜಗಳವಿದ್ದರೆ ಕಂಪನಿ ಸೆಕ್ಷನ್ 16ರಂತೆ ಮೊತ್ತವನ್ನು ಜಿಲ್ಲಾ ನ್ಯಾಯಾಲಯದಲ್ಲಿ ಠೇವಣಿ ಇಟ್ಟು ಕೈತೊಳೆದುಕೊಳ್ಳಬಹುದು. ಟವರಿನ ಕೆಲಸ ಮಾತ್ರ ನಿಲ್ಲುವುದಿಲ್ಲ.

2025ರ ಪೂರಕ ಮಾರ್ಗಸೂಚಿ ಈ ಗಂಟನ್ನು ಬಿಚ್ಚಲು ಒಂದು ದಾರಿ ತೋರಿಸಿದೆ. ಮಾರುಕಟ್ಟೆ ದರ ನಿರ್ಣಯಕ್ಕೆ ಜಿಲ್ಲಾಡಳಿತದ ನೇತೃತ್ವದಲ್ಲಿ ಸಮಿತಿ, ಅದರಲ್ಲಿ ಭೂಮಾಲೀಕರ ಪ್ರತಿನಿಧಿಗೂ ಜಾಗ, ನೋಂದಾಯಿತ ಮೌಲ್ಯಮಾಪಕರ ವರದಿ. ಶೇಕಡಾವಾರಿಗಿಂತ ದೊಡ್ಡ ಬದಲಾವಣೆ ಇದೇ. ಒಬ್ಬೊಬ್ಬರೇ ಕಂಪನಿಯ ಪ್ರತಿನಿಧಿಯೊಡನೆ ಚೌಕಾಸಿ ಮಾಡುವ ಬದಲು, ಒಂದು ಗ್ರಾಮದವರು ಒಟ್ಟಾಗಿ ಈ ಸಮಿತಿ ಕೇಳುವುದು, ತಮ್ಮ ಕಡೆಯಿಂದ ನಿಜ ಬೆಲೆಯ ಕ್ರಯಪತ್ರಗಳನ್ನು ಹುಡುಕಿ ಮುಂದಿಡುವುದು ಹೆಚ್ಚು ಫಲ ಕೊಡುವ ಕೆಲಸ.

ಮೂರು ಹಂತ, ಮೂರು ಮಹಜರು

ಟವರ್ ಕೆಲಸ ಒಂದೇ ಸಲ ಮುಗಿಯುವಂಥದ್ದಲ್ಲ. ಮೊದಲು ಅಡಿಪಾಯ, ಆಮೇಲೆ ಟವರ್ ಎಬ್ಬಿಸುವುದು, ಕೊನೆಗೆ ತಂತಿ ಎಳೆಯುವುದು. ನಡುವೆ ತಿಂಗಳುಗಟ್ಟಲೆ ಬಿಡುವು ಬೀಳಬಹುದು. ಅಡಿಪಾಯದ ವೇಳೆ ನೆಲಗಡಲೆ ಇದ್ದ ಹೊಲದಲ್ಲಿ ತಂತಿ ಎಳೆಯುವಾಗ ಟೊಮೆಟೊ ಇರಬಹುದು. ಹಾಗಾಗಿ ಬೆಳೆ ಹಾನಿಯ ಮಹಜರು ಮೂರೂ ಹಂತದಲ್ಲಿ ಆಗಬೇಕು, ಮೂರು ಸಲ ಹಣ ಬರಬೇಕು. ಒಂದೇ ಸಲ ಕೊಟ್ಟು ಮೂರಕ್ಕೂ ಸಹಿ ತೆಗೆದುಕೊಳ್ಳುವುದು ಬಲು ಸಾಮಾನ್ಯ.

ಮಹಜರಿನಲ್ಲಿ ಬಿಟ್ಟುಹೋಗುವ ಸಂಗತಿಗಳು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಜೆಸಿಬಿ ಮತ್ತು ಕಾಂಕ್ರೀಟ್ ಲಾರಿ ಬಂದ ದಾರಿ ಟವರ್ ಜಾಗದ ಹೊರಗಿರುತ್ತದೆ, ಅಲ್ಲಿನ ಬೆಳೆಯೂ ಹೋಗಿರುತ್ತದೆ, ಮಣ್ಣು ಗಟ್ಟಿಯಾಗಿ ಮುಂದಿನ ಬೆಳೆಯೂ ಏಳುವುದಿಲ್ಲ. ಗುಂಡಿಯಿಂದ ತೆಗೆದ ಅಡಿಮಣ್ಣನ್ನು ಮೇಲ್ಮಣ್ಣಿನ ಮೇಲೆ ಹರಡಿ ಹೋಗುತ್ತಾರೆ. ಮೇಲ್ಮಣ್ಣನ್ನು ಬೇರೆ ರಾಶಿ ಹಾಕಿ ಕೊನೆಗೆ ಮೇಲೆಯೇ ಹಾಕಬೇಕು ಎಂದು ಮೊದಲೇ ಬರೆಸದಿದ್ದರೆ ಆಮೇಲೆ ಹೇಳಿ ಪ್ರಯೋಜನವಿಲ್ಲ. ತುಂಡಾದ ಡ್ರಿಪ್ ಪೈಪು, ಕೊಳವೆಬಾವಿಯಿಂದ ಹೋಗುವ ಹೂತ ಪಿವಿಸಿ ಲೈನು, ಒಡೆದ ಬದು, ಮುಚ್ಚಿಹೋದ ಬಸಿಗಾಲುವೆ, ಉಳಿದ ಕಾಂಕ್ರೀಟು ಚೂರು, ಇವೆಲ್ಲ ಮೀಟರ್ ಲೆಕ್ಕದಲ್ಲಿ, ಎಣಿಕೆಯಲ್ಲಿ ಬರಬೇಕು. ಕೆಲಸಕ್ಕೆ ಮುನ್ನ ಮತ್ತು ನಂತರ ಒಂದೇ ಜಾಗದಲ್ಲಿ ನಿಂತು, ದಿನಾಂಕ ಬೀಳುವಂತೆ ತೆಗೆದ ಫೋಟೊ ಯಾವ ವಾದಕ್ಕಿಂತಲೂ ಹೆಚ್ಚು ಕೆಲಸ ಮಾಡುತ್ತದೆ.

ಮರಗಳ ವಿಷಯ ಇನ್ನೂ ಸೂಕ್ಷ್ಮ. ಲೈನ್ ಬರುವ ಮುನ್ನ ಇದ್ದ ಮರಕ್ಕೆ ಮಾತ್ರ ಪರಿಹಾರ, ಆಮೇಲೆ ನೆಟ್ಟದ್ದಕ್ಕಿಲ್ಲ. ಪ್ರತಿ ಮರಕ್ಕೂ ನಂಬರ್ ಬರೆದು, ಜಾತಿ, ವಯಸ್ಸು, ಸುತ್ತಳತೆ, ಫಸಲಿಗೆ ಬಂದಿದೆಯೇ ಇಲ್ಲವೇ ಎಂಬುದು ಪಟ್ಟಿಯಲ್ಲಿ ಸೇರಬೇಕು. ಹಣ್ಣು, ತೋಟದ ಬೆಳೆಗೆ ತೋಟಗಾರಿಕೆ ಇಲಾಖೆ, ಮರಮುಟ್ಟಿಗೆ ಅರಣ್ಯ ಇಲಾಖೆ ಮೌಲ್ಯ ಕಟ್ಟುತ್ತದೆ. ಫಸಲಿಗೆ ಬರಲು ಎರಡು ವರ್ಷ ಬಾಕಿ ಇರುವ ಅಡಿಕೆ ಗಿಡವನ್ನು ‘ಫಸಲಿಲ್ಲ’ ಎಂದು ಬರೆದು ಸಸಿಯ ಬೆಲೆ ಹಾಕುವುದು ಮಾಮೂಲಿ ತಕರಾರು. ಅದಕ್ಕೆ ಅಲ್ಲೇ ಲಿಖಿತ ಆಕ್ಷೇಪ ದಾಖಲಾಗಬೇಕು.

ಹಣ ಪಡೆಯುವಾಗ ‘ಪೂರ್ಣ ಮತ್ತು ಅಂತಿಮ’ ಎಂಬ ಮುದ್ರಿತ ರಸೀದಿ ಮುಂದಿಡುತ್ತಾರೆ. ಸಹಿಯ ಮೇಲೆ ‘ಹೆಚ್ಚಿನ ಪರಿಹಾರ ಕೇಳುವ ಹಕ್ಕು ಕಾಯ್ದಿರಿಸಿ, ಆಕ್ಷೇಪದೊಂದಿಗೆ ಪಡೆದಿದ್ದೇನೆ’ ಎಂದು ಕೈಬರಹದಲ್ಲಿ ಬರೆದು ಪ್ರತಿ ಇಟ್ಟುಕೊಳ್ಳುವುದಕ್ಕೆ ಖರ್ಚಿಲ್ಲ.

ತಂತಿ ಕೆಳಗಿನ ಬೇಸಾಯ

ಕಾರಿಡಾರಿನಲ್ಲಿ ಬೇಸಾಯ ನಿಲ್ಲುವುದಿಲ್ಲ. ರಾಗಿ, ನೆಲಗಡಲೆ, ತರಕಾರಿ, ಹಿಪ್ಪುನೇರಳೆಯಂಥ ಗಿಡ್ಡ ಬೆಳೆ ನಡೆಯುತ್ತವೆ. ಸುರಕ್ಷತಾ ನಿಯಮದ ಲೆಕ್ಕದಂತೆ ನೆಲದಿಂದ ತಂತಿಗೆ ಇರಬೇಕಾದ ಕನಿಷ್ಠ ಅಂತರ 220 ಕಿಲೋವೋಲ್ಟ್‌ಗೆ 7 ಮೀಟರ್, 400ಕ್ಕೆ 8.8 ಮೀಟರ್. ತಂತಿ ಎಲ್ಲಕ್ಕಿಂತ ಕೆಳಗೆ ಇರುವುದು ಎರಡು ಟವರ್‌ಗಳ ನಡುಮಧ್ಯದಲ್ಲಿ. ಬಿಸಿಲು ಏರಿ, ಕರೆಂಟಿನ ಹೊರೆಯೂ ಹೆಚ್ಚಿದಾಗ ಲೋಹ ಹಿಗ್ಗಿ ಅದು ಇನ್ನೂ ಜೋತುಬೀಳುತ್ತದೆ. ಬೆಳಗಿನ ಜಾವ ಕಂಡ ಎತ್ತರ ಮಧ್ಯಾಹ್ನದ್ದಲ್ಲ.

ಅಪಾಯ ತಂತಿ ಮುಟ್ಟಿದರೆ ಮಾತ್ರ ಎಂದುಕೊಳ್ಳುವುದೂ ತಪ್ಪು. ಇಷ್ಟು ವೋಲ್ಟೇಜಿನಲ್ಲಿ ಹತ್ತಿರ ಹೋದರೂ ಸಾಕು, ಗಾಳಿಯನ್ನೇ ಸೀಳಿ ಕಿಡಿ ಹಾರುತ್ತದೆ. ಅಡಿಕೆ ಕೊಯ್ಯುವ ಉದ್ದನೆ ದೋಟಿ ಅಲ್ಯುಮಿನಿಯಂನದಾಗಿರಲಿ, ಕಾರ್ಬನ್ ಫೈಬರಿನದಾಗಿರಲಿ, ಎರಡೂ ವಿದ್ಯುತ್ ಹಾಯಿಸುತ್ತವೆ. ಕಾರಿಡಾರಿನ ಅಂಚಿನ ಸಾಲಿನಲ್ಲಿ ದೋಟಿ ಎತ್ತುವಾಗ ಅದು ವಾಲುವ ದಿಕ್ಕು ನೋಡಬೇಕು. ನೀರಾವರಿಯ ಲೋಹದ ಪೈಪನ್ನು ನೆಟ್ಟಗೆ ನಿಲ್ಲಿಸಿ ಕಸ ಉದುರಿಸುವುದು ತಂತಿಯ ಕೆಳಗೆ ಮಾಡುವ ಕೆಲಸವಲ್ಲ. ಲೈನಿಗೆ ಸಮಾನಾಂತರವಾಗಿ ಸಾಗುವ ತಂತಿ ಬೇಲಿ, ದ್ರಾಕ್ಷಿ ಚಪ್ಪರದ ತಂತಿಗಳಲ್ಲಿ ತಾನಾಗಿ ವಿದ್ಯುತ್ ತುಂಬಿ ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ. ಅವನ್ನು ಅಲ್ಲಲ್ಲಿ ತುಂಡರಿಸಿ ನೆಲಕ್ಕೆ ಅರ್ಥ್ ಮಾಡಿಕೊಡಿ ಎಂದು ಕಂಪನಿಯನ್ನು ಕೇಳಬೇಕು. ಕಲ್ಲುನೆಲದಲ್ಲಿ ಟವರ್ ಕಾಲಿನಿಂದ ಹೊರಕ್ಕೆ ಹತ್ತಾರು ಮೀಟರ್ ದೂರ ಅರ್ಥಿಂಗ್ ತಂತಿ ಹೂತಿರುವುದುಂಟು. ಅದು ಎಲ್ಲಿ ಹೋಗಿದೆ ಎಂದು ಕೇಳಿ ಗುರುತು ಮಾಡಿಕೊಳ್ಳದಿದ್ದರೆ ಮೊದಲ ಉಳುಮೆಗೇ ನೇಗಿಲಿಗೆ ಸಿಕ್ಕುತ್ತದೆ.

ಎರಡೂ ಕಡೆಯ ವಾದ

ಸರ್ಕಾರದ ಅವಸರಕ್ಕೆ ಕಾರಣವಿದೆ. 2030ರ ಹೊತ್ತಿಗೆ 500 ಗಿಗಾವಾಟ್ ಪಳೆಯುಳಿಕೆಯೇತರ ವಿದ್ಯುತ್ ಸಾಮರ್ಥ್ಯ ಎಂಬುದು ಗುರಿ. ಕಲ್ಲಿದ್ದಲು ಸ್ಥಾವರವನ್ನು ಬೇಡಿಕೆಯ ಹತ್ತಿರ ಕಟ್ಟಬಹುದು, ಬಿಸಿಲು ಗಾಳಿಯನ್ನು ಸಾಗಿಸಲಾಗದು. ಪಾವಗಡದಂಥ ಕಡೆ ಹುಟ್ಟುವ ವಿದ್ಯುತ್ತು ಊರಾಚೆ ಹೋಗಬೇಕೆಂದರೆ ಲೈನೇ ದಾರಿ. 2022–32ರ ರಾಷ್ಟ್ರೀಯ ಪ್ರಸರಣ ಯೋಜನೆಯಲ್ಲಿ 1.91 ಲಕ್ಷ ಸರ್ಕ್ಯೂಟ್ ಕಿಲೋಮೀಟರ್ ಹೊಸ ಲೈನ್, 9.15 ಲಕ್ಷ ಕೋಟಿ ರೂಪಾಯಿ ಖರ್ಚು ಇದೆ. ನೂರು ಟವರಿನಲ್ಲಿ ತೊಂಬತ್ತೊಂಬತ್ತು ನಿಂತು ಒಂದು ನಿಲ್ಲದಿದ್ದರೆ ಒಂದು ಯೂನಿಟ್ಟೂ ಹರಿಯುವುದಿಲ್ಲ. ಆ ಒಬ್ಬ ರೈತನಿಗೆ ವೀಟೊ ಕೊಡಲಾಗದು, ಪರಿಹಾರ ಹೆಚ್ಚಿದಷ್ಟೂ ಅದು ಪ್ರಸರಣ ಶುಲ್ಕವಾಗಿ ಎಲ್ಲರ ಬಿಲ್ಲಿಗೆ ಬರುತ್ತದೆ ಎಂಬುದು ಆ ಕಡೆಯ ವಾದ.

ರೈತರ ವಾದ ಇದಕ್ಕೆ ನೇರ ಉತ್ತರ. ಲೈನ್ ಎಲ್ಲರಿಗೂ ಬೇಕಾದ್ದೇ ಆದರೆ ಅದರ ಭಾರವೂ ಎಲ್ಲರ ಬಿಲ್ಲಿನಲ್ಲೇ ಹಂಚಿಹೋಗಲಿ, ಒಂದು ಎಕರೆಯವನ ತಲೆ ಮೇಲೆ ಏಕೆ? ಮೊಬೈಲ್ ಟವರಿಗೆ ತಿಂಗಳ ಬಾಡಿಗೆ ಬರುತ್ತದೆ, ಹಲವು ದಶಕ ನಿಲ್ಲುವ ವಿದ್ಯುತ್ ಟವರಿಗೆ ಒಂದೇ ಸಲದ ಹಣ ಏಕೆ? ಈ ಕೊನೆಯ ಪ್ರಶ್ನೆಗೆ ಮಾರ್ಗಸೂಚಿಗಳಲ್ಲಿ ಉತ್ತರವಿಲ್ಲ. ಬಾಡಿಗೆ ಎಂದರೆ ಒಪ್ಪಂದ, ಒಪ್ಪಂದ ಎಂದರೆ ಒಲ್ಲೆ ಎನ್ನುವ ಸ್ವಾತಂತ್ರ್ಯ. 1885ರ ಕಾಯ್ದೆ ತಪ್ಪಿಸಿದ್ದು ಅದನ್ನೇ.

ಕರಾವಳಿಯಲ್ಲಿ ಉಡುಪಿ–ಕಾಸರಗೋಡು 400 ಕಿಲೋವೋಲ್ಟ್ ಲೈನಿಗೆ ವಿರೋಧ ಗಟ್ಟಿಯಾಗಿದ್ದಕ್ಕೂ ಇದರಲ್ಲೇ ಕಾರಣ ಕಾಣುತ್ತದೆ. ಅಲ್ಲಿ ಹಿಡುವಳಿ ಸಣ್ಣದು, ಬೆಳೆ ಎತ್ತರದ್ದು. ಬಯಲುಸೀಮೆಯಲ್ಲಿ ತಂತಿಯ ಕೆಳಗೆ ಮತ್ತೆ ಜೋಳ ಬಿತ್ತಬಹುದು. ಅಡಿಕೆ ತೋಟದ ನಡುವೆ 46 ಮೀಟರ್ ಅಗಲದ ಪಟ್ಟಿ ಬೋಳಾದರೆ ಅಲ್ಲಿ ಬೇಸಾಯವೇ ಬದಲಾಗಬೇಕು, ಉಳಿದ ಮರಗಳಿಗೂ ಬಿಸಿಲ ಹೊಡೆತ ತಪ್ಪದು. ಗ್ರಾಮೀಣ ಪ್ರದೇಶಕ್ಕೆಲ್ಲ ಒಂದೇ ಶೇ 30 ಎಂಬ ದರ ಈ ವ್ಯತ್ಯಾಸವನ್ನು ನೋಡುವುದಿಲ್ಲ. ಅದು ಮಾರ್ಗಸೂಚಿಯ ದೊಡ್ಡ ಕೊರತೆ.

ನೆಲದಡಿ ಕೇಬಲ್ ಹಾಕಿ ಎಂಬುದು ಅಸಾಧ್ಯದ ಬೇಡಿಕೆಯಲ್ಲ. ತಮಿಳುನಾಡಿನ ಪುಗಳೂರಿನಿಂದ ತ್ರಿಶೂರಿಗೆ ಹೋಗುವ 320 ಕಿಲೋವೋಲ್ಟ್ ನೇರವಿದ್ಯುತ್ ಮಾರ್ಗದಲ್ಲಿ ಕೇರಳದೊಳಗಿನ ಒಂದು ಭಾಗ ಕೇಬಲ್ಲೇ. ಆದರೆ ಖರ್ಚು ಆಕಾಶಮಾರ್ಗದ ಹಲವು ಪಟ್ಟು. ಅದನ್ನು ಅಪವಾದವಾಗಿ ಕೇಳಬಹುದು, ಇಡೀ ಲೈನಿಗೆ ನಿರೀಕ್ಷಿಸಲಾಗದು. ಕಾಲಿನ ಜಾಗ ಉಳಿಸುವ ಒಂಟಿ ಕಂಬದ ಮೊನೊಪೋಲ್, ಕಿರುಬುಡದ ಟವರ್, ಒಂದೇ ಟವರಿನಲ್ಲಿ ನಾಲ್ಕು ಸರ್ಕ್ಯೂಟ್, ಇವು ಕೈಗೆ ಎಟಕುವ ಬೇಡಿಕೆಗಳು.

ಕೊಟ್ಟದ್ದು ಸಾಲದಿದ್ದರೆ

ಪರಿಹಾರ ಸಾಲದು ಎಂಬ ತಕರಾರಿಗೆ ಜಾಗ ಜಿಲ್ಲಾ ನ್ಯಾಯಾಧೀಶರ ಮುಂದೆ, ಸೆಕ್ಷನ್ 16ರ ಮೂರನೇ ಉಪಸೆಕ್ಷನ್. ಜಿಲ್ಲಾಧಿಕಾರಿಗೆ ಕೊಟ್ಟ ಮನವಿ ಇದರ ಬದಲಿಯಲ್ಲ. ಕೇರಳ ರಾಜ್ಯ ವಿದ್ಯುತ್ ಮಂಡಳಿಯ 2007ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪರಿಹಾರಕ್ಕೆ ಒಂದೇ ಅಚ್ಚಿನ ಸೂತ್ರ ಇಲ್ಲ ಎಂದಿತು. ಜಮೀನು ಎಲ್ಲಿದೆ, ತಂತಿ ಅಂಚಿನಲ್ಲಿ ಹೋಗಿದೆಯೋ ನಟ್ಟನಡುವೆ ಸೀಳಿದೆಯೋ, ಎಷ್ಟು ಉದ್ದ ಹಾದಿದೆ, ಭೂಮಿಯ ಬೆಲೆ ಎಷ್ಟು ಎಂಬುದನ್ನೆಲ್ಲ ನೋಡಬೇಕು. ಮಾರ್ಗಸೂಚಿಯ ಶೇ 30 ಅಲ್ಲಿ ಗಡಿಯಲ್ಲ. ನಡುವೆ ಸೀಳಿದ ಎರಡು ಎಕರೆಯಲ್ಲಿ ಉಳಿದ ತುಂಡುಗಳ ಬೆಲೆಯೂ ಇಳಿದಿದ್ದರೆ ಅದನ್ನೂ ಕೇಳಬಹುದು. ನಕ್ಷೆ, ಮಹಜರು, ಫೋಟೊ, ಅಕ್ಕಪಕ್ಕದ ಕ್ರಯಪತ್ರ, ಮೌಲ್ಯಮಾಪಕರ ವರದಿ ಕೆಲಸಕ್ಕೆ ಬರುವುದು ಇಲ್ಲಿ.

ಟೆಲಿಗ್ರಾಫ್ ಕಾಯ್ದೆಯಲ್ಲಿ ಇದಕ್ಕೆ ಕಾಲಮಿತಿ ಬರೆದಿಲ್ಲ. ಹಾಗೆಂದು ಯಾವಾಗ ಬೇಕಾದರೂ ಹೋಗಬಹುದು ಎಂದು ಕುಳಿತವರು ಕೆಟ್ಟಿದ್ದಾರೆ. ಕೇರಳ ಮಂಡಳಿಯದೇ ಇನ್ನೊಂದು ಪ್ರಕರಣದಲ್ಲಿ 1976ರಲ್ಲೇ ಸುಪ್ರೀಂ ಕೋರ್ಟ್ ಇಂಥ ಅರ್ಜಿಗೆ ಕಾಲಮಿತಿ ಕಾಯ್ದೆಯ 137ನೇ ವಿಧಿ ಅನ್ವಯಿಸುತ್ತದೆ ಎಂದಿದೆ, ಅಂದರೆ ಮೂರು ವರ್ಷ. ಜಿಲ್ಲಾ ನ್ಯಾಯಾಧೀಶರ ತೀರ್ಮಾನ ಕಾಯ್ದೆಯ ಪ್ರಕಾರ ಅಂತಿಮ, ಮೇಲ್ಮನವಿ ಇಲ್ಲ. ಸಂವಿಧಾನದ 227ನೇ ವಿಧಿಯ ಕೆಳಗೆ ಹೈಕೋರ್ಟಿಗೆ ಹೋಗಬಹುದು, ಆದರೆ ಅಲ್ಲಿ ಸಾಕ್ಷ್ಯವನ್ನು ಹೊಸದಾಗಿ ತೂಗುವುದಿಲ್ಲ. ಹಾಗಾಗಿ ಹೇಳಬೇಕಾದ್ದೆಲ್ಲ ಮೊದಲ ಸುತ್ತಿನಲ್ಲೇ ಹೇಳಿರಬೇಕು.

ಅದೇ ಟೆಲಿಗ್ರಾಫ್ ಕಾಯ್ದೆಯಲ್ಲಿ ಹೆಚ್ಚು ಜನ ನೋಡದ ಇನ್ನೊಂದು ಸೆಕ್ಷನ್ ಇದೆ, 17ನೆಯದು. ಮುಂದೆಂದಾದರೂ ಮಾಲೀಕ ತನ್ನ ಜಮೀನನ್ನು ಬೇರೆ ರೀತಿ ಬಳಸಬೇಕಾಗಿ ಬಂದು, ಅದಕ್ಕೆ ಲೈನ್ ಅಡ್ಡಿಯಾದರೆ, ಅದನ್ನು ಅದೇ ಜಮೀನಿನ ಇನ್ನೊಂದು ಕಡೆಗೆ ಸರಿಸಲು ಅಥವಾ ಎತ್ತರಿಸಲು ಕೇಳಬಹುದು. ಮೊದಲು ಪರಿಹಾರ ಪಡೆದಿದ್ದರೆ, ಸರಿಸುವ ಖರ್ಚು ಅಥವಾ ಪಡೆದ ಪರಿಹಾರದ ಅರ್ಧ, ಇವೆರಡರಲ್ಲಿ ಕಡಿಮೆ ಯಾವುದೋ ಅದನ್ನು ಮುಂದಿಡಬೇಕು. ಕಂಪನಿ ಕೇಳದಿದ್ದರೆ ಜಿಲ್ಲಾ ದಂಡಾಧಿಕಾರಿಗೆ ಅರ್ಜಿ. 400 ಕಿಲೋವೋಲ್ಟ್ ಟವರನ್ನು ಸರಿಸುವುದು ತಂತಿ ಕಂಬ ಕಿತ್ತು ನೆಟ್ಟಂತಲ್ಲ, ಅರ್ಜಿ ಹಾಕಿದ ಮಾತ್ರಕ್ಕೆ ಆಗಿಬಿಡುವುದೂ ಇಲ್ಲ. ಆದರೆ ಮನೆ ಕಟ್ಟಬೇಕೆಂದು ಕಂಪನಿಯನ್ನು ಕೇಳಿದ ರೈತನಿಗೆ, ಲೈನ್ ಸರಿಸುವ ಪೂರ್ತಿ ಖರ್ಚು ನೀನೇ ಕಟ್ಟು ಎಂಬ ಉತ್ತರ ಬಂದರೆ, ಅದರ ಕೆಳಗೆ ಬರೆದು ಕಳಿಸಬೇಕಾದ್ದು ಈ ಸೆಕ್ಷನ್ನಿನ ಅಂಕಿ.